ಹದಿನೈದು ಕಿಲೋ

ಚಕ್ರವಿರುವ ಪೆಟ್ಟಿಗೆ ಬೇಡವಂತೆ.
ಮೆತ್ತನೆ ಚೀಲ ಬೇಕು, ಹಿಂಡಿದರೆ ಮುದುಡುವಂಥದ್ದು,
ಪುಟ್ಟ ವಿಮಾನದ ಹೊಟ್ಟೆಯೊಳಗೆ ತುರುಕಲು.
ಹದಿನೈದು ಕಿಲೋ. ಒಂದು ಗುಂಜಿ ಹೆಚ್ಚಿಲ್ಲ.
ಆ ಸಾಲನ್ನು ಕುಸುಮಾಕ್ಷಿ ನನ್ನಿಂದ ಎರಡು ಸಲ ಓದಿಸಿದಳು,
ಮೂರನೆಯ ಸಲ ತಾನೇ ಓದಿಕೊಂಡಳು.

ಹೋಗುವವಳು ಅವಳು. ನಾನಲ್ಲ.
ಏಳು ಹೆಂಗಸರ ಬೀಸಿ, ಒಂಬತ್ತು ವರ್ಷದ್ದು;
ಮೊದಲು ಮಿಕ್ಸರ್ ಬಂತು, ಆಮೇಲೆ ಬಳೆ,
ಆಮೇಲೆ ಸರೋಜಾ ಫಡ್ಕೆಯ ಮೊಣಕಾಲಿನ ಆಪರೇಶನ್ನು.
ಈ ಸಲ, ಏನಾಯಿತೋ, ಎಲ್ಲರೂ ಆನೆ ಎಂದರು.
ಬೋಟ್ಸ್ವಾನಾದ ಆನೆ.

ಗೋರೆಗಾಂವಿನ ನಮ್ಮ ಕಟ್ಟಡದ ಹಿಂದೆಯೇ ಆರೇಯ ಕಾಡು.
ಗೋಡೆಯಾಚೆ, ಕಸದ ಡಬ್ಬಿಯ ಬಳಿ,
ವರ್ಷಕ್ಕೆರಡು ಸಲ ಬರುತ್ತದೆ ಚಿರತೆ, ಟಿಕೆಟ್ಟಿಲ್ಲದೆ.
ತಾವಡೆಯವರ ನಾಯಿಯನ್ನು ಒಯ್ದದ್ದೂ ಉಂಟು;
ಬೆಳಿಗ್ಗೆ ನೋಡಿದರೆ ಕೊರಳಪಟ್ಟಿ ಮಾತ್ರ, ಗೆಜ್ಜೆ ಸಮೇತ.
"ಅದನ್ನೇ ನೋಡಬಾರದೇನೆ?" ಎಂದೆ.
"ಅದು ನಮ್ಮನ್ನು ನೋಡಲು ಬರುವುದು," ಎಂದಳು,
"ನಾನು ಒಮ್ಮೆ ಹೋಗುತ್ತೇನೆ, ಅವುಗಳ ಮನೆಗೇ."

ಸೊಳ್ಳೆ ನನ್ನ ಇಲಾಖೆ.
ಮೂವತ್ತೊಂದು ವರ್ಷ ಮುನ್ಸಿಪಾಲಿಟಿಯ ಏಣಿ ಹತ್ತಿ
ಟಾಕಿಯ ಮುಚ್ಚಳ ಸರಿಸಿ, ಟಾರ್ಚು ಬಿಟ್ಟು,
ಮರಿಗಳನ್ನು ಹುಡುಕಿದವನು:
ನೀರಿಗೆ ಸಮನಾಗಿ ಅಡ್ಡ ಮಲಗಿದ್ದರೆ ಮಲೇರಿಯಾದ್ದು,
ತಲೆಕೆಳಗಾಗಿ ಜೋತಿದ್ದರೆ ಬೇರೆಯದ್ದು.
ಆಫ್ರಿಕಾದ್ದೂ ಹಾಗೇ ಮಲಗುತ್ತದೆ, ಹೆದರಬೇಡ ಎಂದೆ.
ಹೆದರಿದ್ದು ಯಾರು ಎಂದು ಅವಳು ಕೇಳಲಿಲ್ಲ.

ಗುಳಿಗೆ ಮುಂಚಿನ ದಿನದಿಂದಲೇ, ಊಟದ ಜೊತೆ;
ಬಂದ ಮೇಲೂ ಏಳು ದಿನ. ಎಲ್ಲರೂ ಮರೆಯುವುದು ಅದನ್ನೇ.
ನೈರೋಬಿಯಲ್ಲಿ ವಿಮಾನ ಬದಲು, ಹಾಗಾಗಿ ಹಳದಿ ಜ್ವರದ ಸೂಜಿ;
ಏಳು ಹೆಂಗಸರೂ ಸಾಲಾಗಿ ತೋಳು ಚಾಚಿ
ಹಳದಿ ಪುಸ್ತಿಕೆ ಹಿಡಿದು ಹೊರಬಂದರು,
ಹೊಸ ರೇಶನ್ ಕಾರ್ಡು ಸಿಕ್ಕವರ ಹಾಗೆ.

ನೀಲಿ ಬೇಡ, ಕಪ್ಪು ಬೇಡ,
ಅಲ್ಲಿನ ಒಂದು ನೊಣಕ್ಕೆ ಆ ಬಣ್ಣಗಳೆಂದರೆ ಪ್ರಾಣ.
ಬಿಳಿಯೂ ಬೇಡ, ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ.
ಕಪಾಟು ತೆರೆದು ನಿಂತಳು:
ನಲವತ್ತು ಸೀರೆ, ಮಣ್ಣಿನ ಬಣ್ಣದ್ದು ಒಂದೂ ಇಲ್ಲ.
ಕೊನೆಗೆ ನನ್ನ ಎರಡು ಖಾಕಿ ಅಂಗಿಗಳು
ಟೈಲರ್ ಸುಬ್ರಾಯನ ಕತ್ತರಿಗೆ ಸಿಕ್ಕಿ ಅವಳ ಅಳತೆಗೆ ಇಳಿದವು.
ಕಿಸೆಯ ಮೇಲೆ ನನ್ನ ನಂಬರಿನ ಬಿಲ್ಲೆ ಚುಚ್ಚಿದ ತೂತು ಹಾಗೇ ಇದೆ.
ಟೊಪ್ಪಿ ಇಟ್ಟು, ಕನ್ನಡಿಯಲ್ಲಿ ನನ್ನನ್ನೇ ನೋಡಿ,
ದನಿ ದಪ್ಪ ಮಾಡಿ ಹೇಳಿದಳು: "ನಿಮ್ಮ ಟಾಕಿ ತೋರಿಸಿ."
ಇಷ್ಟು ವರ್ಷದಲ್ಲಿ ನನ್ನ ಅಣಕ ಮಾಡಿದ್ದು ಇದೇ ಮೊದಲು.
ಚೆನ್ನಾಗಿಯೇ ಮಾಡಿದಳು.

ದುರ್ಬೀನು ಸರೋಜಾಳ ಅಳಿಯನದ್ದು.
ಸಂಜೆಯೆಲ್ಲ ಬಾಲ್ಕನಿಯಲ್ಲಿ ಅಭ್ಯಾಸ.
ಎದುರು ಟವರಿನ ಹದಿನೆಂಟನೇ ಮಹಡಿಯಲ್ಲಿ
ಯಾರೋ ಬಟಾಟೆ ಸುಲಿಯುತ್ತಿದ್ದಾರೆ ಎಂದು ಪಿಸುಗುಟ್ಟಿದಳು,
ಗಟ್ಟಿಯಾಗಿ ಹೇಳಿದರೆ ಬಟಾಟೆ ಓಡಿಹೋದೀತು ಎಂಬಂತೆ.

ತೂಕ ನೋಡಿದ್ದು ರದ್ದಿಯವನ ತಕ್ಕಡಿಯಲ್ಲಿ.
ಹದಿನೈದು ಕಿಲೋ ಆರುನೂರು ಗ್ರಾಂ.
"ಪೇಪರಿನ ರೇಟು ಕೊಡಲೇ?" ಎಂದು ನಕ್ಕ ಮೌರ್ಯ.
ಅಲ್ಲೇ ಫುಟ್‌ಪಾತಿನ ಮೇಲೆ ಚೀಲ ಬಿಚ್ಚಿ ಕೂತೆವು.
ಸೊಳ್ಳೆಬತ್ತಿ ಹೊರಗೆ. ಎರಡನೇ ಟವೆಲು ಹೊರಗೆ.
ಚಟ್ನಿಪುಡಿ ಹೊರಗೆ, ಆಮೇಲೆ ಮತ್ತೆ ಒಳಗೆ.
ನನ್ನ ಟಾರ್ಚು, ಹಳೆಯದು, ಮೂರು ಸೆಲ್ಲಿನದು,
ಅವಳು ಹೊರಗಿಟ್ಟಳು, ನಾನು ಒಳಗಿಟ್ಟೆ,
ಅವಳು ಹೊರಗಿಟ್ಟಳು.
"ಕತ್ತಲಲ್ಲಿ ಕಣ್ಣು ಮಿಣುಕಿದರೆ ಯಾವುದೆಂದು ಗೊತ್ತಾಗಬೇಡವೇ?"
"ಅಲ್ಲಿ ಅವರದೇ ಇರುತ್ತದೆ, ದೊಡ್ಡದು.
ನಿಮಗೆ ಬೇಕಾಗುತ್ತದೆ, ಕರೆಂಟು ಹೋದರೆ."

ನಾಳೆ ಇಷ್ಟು ಹೊತ್ತಿಗೆ ವಿಮಾನದಲ್ಲಿರುತ್ತಾಳೆ.
ಕಾಡಿನ ಕಡೆ ನಾಯಿಗಳು ಒಮ್ಮೆಲೇ ಬೊಗಳಿ
ಒಮ್ಮೆಲೇ ನಿಂತವು.
ಎದ್ದು, ಟಾರ್ಚು ಹಿಡಿದು ಬಾಲ್ಕನಿಗೆ ಹೋದೆ.
ಹಚ್ಚಲಿಲ್ಲ.
ಹಿಂದಿನಿಂದ ಅವಳ ದನಿ, ನಿದ್ದೆಯಲ್ಲೋ ಎಚ್ಚರದಲ್ಲೋ:
"ನಿಲ್ಲಬೇಡಿ. ಜೀಪಿನಲ್ಲಿ ಯಾರೂ ಎದ್ದು ನಿಲ್ಲಬಾರದಂತೆ."
ಕೂತೆ.